ನಕ್ಷೆಯಿಂದ ಹರಿಕೇನ್: ಕರಾವಳಿಯಲ್ಲಿ 1:8 ಅಳತೆಯ ಆರ್‌ಸಿ ಯುದ್ಧವಿಮಾನ ಕಟ್ಟುವ ಬಗೆ

ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ನಮ್ಮಲ್ಲಿ ಆರ್‌ಸಿ (ರೇಡಿಯೊ ನಿಯಂತ್ರಿತ) ವಿಮಾನ ಹಾರಿಸುವ ಕಾಲವೂ ಮುಗಿಯುತ್ತದೆ. ಮುಂದಿನ ನಾಲ್ಕು ತಿಂಗಳು ಗದ್ದೆಯಲ್ಲಿ ನೀರು, ಮೇಲೆ ಮೋಡ. ನಕ್ಷೆ ಹರಡಿಕೊಂಡು ವಿಮಾನ ಕಟ್ಟಲು ಉಡುಪಿ, ಮಂಗಳೂರಿನವರಿಗೆ ಇದಕ್ಕಿಂತ ದೊಡ್ಡ ಬಿಡುವು ಸಿಗುವುದಿಲ್ಲ. ತೊಂದರೆಯೆಂದರೆ ಬಲ್ಸಾ ಎಂಬ ಹಗುರ ಮರಕ್ಕೆ, ಎಪಾಕ್ಸಿ ಅಂಟಿಗೆ, ಬಣ್ಣಕ್ಕೆ ಒಗ್ಗದ ಹವೆಯೂ ಇದೇ. ನಕ್ಷೆ ಬರೆದವರು ನಮ್ಮ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅದಕ್ಕೇ ಇಲ್ಲಿ ಕೆಲಸದ ಕ್ರಮವನ್ನು ನಮ್ಮ ಹವೆಗೆ ಹೊಂದಿಸಿ ಬರೆದಿದ್ದೇನೆ. ಆಟಿ, ಸೋಣದಲ್ಲಿ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಏನನ್ನು ಮಾಡಬಹುದು, ನವರಾತ್ರಿ ಕಳೆಯುವ ತನಕ ಏನನ್ನು ಮುಟ್ಟಬಾರದು ಎಂಬುದನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಕಲಿಯುವವರ ಟ್ರೇನರ್ ವಿಮಾನ ಒಂದನ್ನು ಚೆನ್ನಾಗಿ ಹಾರಿಸಿ, ಆಮೇಲೆ ರೆಕ್ಕೆ ಕೆಳಗಿರುವ ಸ್ಪೋರ್ಟ್ ಮಾದರಿಯೊಂದರಲ್ಲಿ ಕೈ ಪಳಗಿಸಿಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಆ ಎರಡು ಮೆಟ್ಟಿಲು ಹತ್ತದೆ ಯುದ್ಧವಿಮಾನಕ್ಕೆ ಕೈ ಹಾಕಬೇಡಿ. ತಿಂಗಳುಗಟ್ಟಲೆಯ ಕೆಲಸ ಮೊದಲ ನಿಮಿಷದಲ್ಲೇ ಮಣ್ಣಾಗುವುದನ್ನು ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಹರಿಕೇನ್ ಏಕೆ

ಎಲ್ಲರ ಕಣ್ಣೂ ಮೊದಲು ಸ್ಪಿಟ್‌ಫೈರ್ ಮೇಲೆ ಬೀಳುತ್ತದೆ. ಅದು ಚೆಲುವಾದ ವಿಮಾನ, ಒಪ್ಪಿದೆ. ಆದರೆ ಅದರ ರೆಕ್ಕೆ ತೆಳು, ಚಕ್ರಗಳ ನಡುವಿನ ಅಂತರ ಕಡಿಮೆ. ಸಣ್ಣ ಮಾದರಿಯಲ್ಲಿ ಈ ಎರಡು ಗುಣಗಳೂ ನಮ್ಮ ವಿರುದ್ಧ ನಿಲ್ಲುತ್ತವೆ. ಸಿಡ್ನಿ ಕ್ಯಾಮ್ ವಿನ್ಯಾಸ ಮಾಡಿ 1935ರ ನವೆಂಬರ್ 6ರಂದು ಮೊದಲು ಹಾರಿದ ಹಾಕರ್ ಹರಿಕೇನ್‌ಗೆ ದಪ್ಪ ರೆಕ್ಕೆ ಇದೆ, ಒಳಮುಖವಾಗಿ ಮಡಚುವ ಅಗಲ ಅಂತರದ ಚಕ್ರಗಳಿವೆ. ಹಿಂಭಾಗದ ಮೈ ಉದ್ದುದ್ದ ಪಟ್ಟಿಗಳ ಮೇಲೆ ಬಟ್ಟೆ ಹೊದಿಸಿದ್ದು. ಅಂದರೆ ಅಸಲಿ ವಿಮಾನವನ್ನು ಕಟ್ಟಿದ ರೀತಿಯಲ್ಲೇ ನಾವೂ ಬಲ್ಸಾದಲ್ಲಿ ಕಟ್ಟಬಹುದು. ಇಷ್ಟು ಅನುಕೂಲ ಕೊಡುವ ಯುದ್ಧವಿಮಾನ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ನಮಗೆ ಇದರೊಡನೆ ನಂಟೂ ಇದೆ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ವಾಯುಪಡೆಯ ಹಲವು ಸ್ಕ್ವಾಡ್ರನ್‌ಗಳು ಬರ್ಮಾ ರಣರಂಗದಲ್ಲಿ ಹರಿಕೇನ್‌ಗಳನ್ನು ಹಾರಿಸಿದವು. 1944ರಲ್ಲಿ ಇಂಫಾಲದಲ್ಲಿ ನಂ. 1 ಸ್ಕ್ವಾಡ್ರನ್ ಮುನ್ನಡೆಸಿದ ಅರ್ಜನ್ ಸಿಂಗ್ ಅವರಿಗೆ ಅದೇ ವರ್ಷ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಬಂತು. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಇಂದಿಗೂ ಒಂದು ಹರಿಕೇನ್ ಇದೆ. ದೆಹಲಿಗೆ ಹೋಗುವ ನೆಂಟರಿದ್ದರೆ ಚಕ್ರದ ಗೂಡು, ರೇಡಿಯೇಟರ್, ಕಾಕ್‌ಪಿಟ್ ಚೌಕಟ್ಟುಗಳ ಫೋಟೊ ತೆಗೆದು ತರಲು ಹೇಳಿ.

ಮೊದಲು ಲೆಕ್ಕ

ಅಸಲಿ ಹರಿಕೇನ್‌ನ ರೆಕ್ಕೆಯಗಲ 12.19 ಮೀಟರ್. 1:8ಕ್ಕೆ ಇಳಿಸಿದರೆ 1.52 ಮೀಟರ್, ಅಂದರೆ ಸರಿಯಾಗಿ 60 ಇಂಚು. ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಯುವ, ಆಕಾಶದಲ್ಲಿ ಕಣ್ಣಿಗೆ ಚೆನ್ನಾಗಿ ಕಾಣುವ ಅಳತೆ ಇದು. ರೆಕ್ಕೆಯ ವಿಸ್ತೀರ್ಣ 257.5 ಚದರಡಿ, ಅದನ್ನು 64ರಿಂದ ಭಾಗಿಸಿದರೆ ಮಾದರಿಗೆ ಸುಮಾರು 4 ಚದರಡಿ ಅಥವಾ 37 ಚದರ ಡೆಸಿಮೀಟರ್ ಸಿಗುತ್ತದೆ.

ಈ ವಿಸ್ತೀರ್ಣಕ್ಕೆ ಹೊಂದುವ ತೂಕ 2.5 ಕಿಲೊ. ಆಗ ಚದರ ಡೆಸಿಮೀಟರಿಗೆ 67 ಗ್ರಾಂ ಹೊರೆ ಬೀಳುತ್ತದೆ, ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಅದೇ ವಿಮಾನ 3.2 ಕಿಲೊ ತೂಗಿದರೆ ಸ್ಟಾಲ್ ವೇಗ 40 ಕಿ.ಮೀ.ಗೆ ಏರುತ್ತದೆ. ಐದು ಕಿಲೊಮೀಟರ್ ಏನು ಮಹಾ ಎನಿಸಬಹುದು. ಆದರೆ ತೂಕ, ವೇಗ ಎರಡೂ ಏರಿದ್ದರಿಂದ ನೆಲಕ್ಕೆ ತಾಗುವಾಗಿನ ಶಕ್ತಿ ಶೇ. 60ಕ್ಕಿಂತ ಹೆಚ್ಚಾಗಿರುತ್ತದೆ. ಚಕ್ರದ ಕಾಲು ಕಿತ್ತುಬರುವುದು ಇಲ್ಲಿಯೇ.

ಅದಕ್ಕೆ ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೆಲಸದ ಮೇಜಿನ ಮೇಲೆಯೇ ಇರಲಿ, ಪಕ್ಕದಲ್ಲೊಂದು ನೋಟ್‌ಬುಕ್ಕೂ ಇರಲಿ. ನಾನು ಪಾಲು ಹಾಕುವುದು ಹೀಗೆ: ರೆಕ್ಕೆ 600 ಗ್ರಾಂ, ಮೈ 420, ಬಾಲದ ಭಾಗಗಳೆಲ್ಲ ಸೇರಿ 80, ಮೋಟಾರ್-ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ)-ಪ್ರೊಪೆಲ್ಲರ್ 380, ಬ್ಯಾಟರಿ 380, ಸರ್ವೊ (ಚಲಿಸುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರ್)-ರಿಸೀವರ್-ವೈರು 190, ಚಕ್ರ ಮತ್ತು ಕಾಲು 240, ಹೊದಿಕೆ ಮತ್ತು ಬಣ್ಣ 210. ಒಟ್ಟು 2,500. ಒಂದು ಕಡೆ 30 ಗ್ರಾಂ ಮೀರಿದರೆ ಇನ್ನೊಂದು ಕಡೆ ಅದನ್ನು ಉಳಿಸಲೇಬೇಕು. ಯಾವ ಭಾಗ ಮುಗಿದರೂ ಆ ದಿನವೇ ತೂಗಿ ಬರೆದಿಡಿ.

ನಕ್ಷೆಯನ್ನು ಓದುವುದು

ನಕ್ಷೆ ಇಂದು ಹೆಚ್ಚಾಗಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಮಣಿಪಾಲದಲ್ಲಿ ಎಂಜಿನಿಯರಿಂಗ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗಾಗಿ, ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತ ಕಟ್ಟಡದ ನಕ್ಷೆಗಳಿಗಾಗಿ ಪ್ಲಾಟರ್ ಪ್ರಿಂಟ್ ಹಾಕಿಕೊಡುವ ಅಂಗಡಿಗಳಿವೆ. ಅಳತೆ ಬದಲಿಸದೆ, ಅಂದರೆ ನೂರಕ್ಕೆ ನೂರು ಪ್ರಮಾಣದಲ್ಲೇ ಮುದ್ರಿಸಲು ಹೇಳಿ. ನಕ್ಷೆಯಲ್ಲಿರುವ ಅಳತೆಗೆರೆಗೆ ಅಲ್ಲೇ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆ ನೋಡಬೇಕು, ಯಾಕೆಂದರೆ ಕೆಲವು ಯಂತ್ರಗಳು ಕಾಗದ ಎಳೆಯುವ ದಿಕ್ಕಿನಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ಹಿಗ್ಗಿಸುತ್ತವೆ. ಎರಡು ಪ್ರತಿ ಹಾಕಿಸಿ: ಒಂದು ಕತ್ತರಿಸಲು, ಇನ್ನೊಂದು ಹಲಗೆಯ ಮೇಲೆ ಹಾಸಿ ಕಟ್ಟಲು. ಹಲವು ನಕ್ಷೆಗಳಲ್ಲಿ ಒಂದೇ ಬದಿಯ ರೆಕ್ಕೆ ಬರೆದಿರುತ್ತದೆ. ಇನ್ನೊಂದು ಬದಿಗೆ ಕನ್ನಡಿ ಪ್ರತಿಬಿಂಬದ ಪ್ರಿಂಟ್ ಬೇಕು.

ಚಾಕು ಹಿಡಿಯುವ ಮೊದಲು ನಕ್ಷೆಯನ್ನು ಗೋಡೆಗೆ ಅಂಟಿಸಿ ಕೆಲವು ದಿನ ಸುಮ್ಮನೆ ನೋಡುತ್ತಾ ಇರಿ. ಪ್ರತಿ ಫಾರ್ಮರ್ (ಮೈಯ ಅಡ್ಡ ಚೌಕಟ್ಟು), ಪ್ರತಿ ರಿಬ್ (ರೆಕ್ಕೆಯ ಅಡ್ಡಪಟ್ಟಿ) ಎಲ್ಲಿ ಕೂರುತ್ತದೆ, ಯಾವುದರ ನಂತರ ಯಾವುದು, ಯಾವ ಜಾಗಕ್ಕೆ ಆಮೇಲೆ ಕೈ ಹೋಗುವುದಿಲ್ಲ ಎಂಬುದು ಮನಸ್ಸಿನಲ್ಲಿ ಕೂರಬೇಕು. ಬಣ್ಣದ ಪೆನ್ಸಿಲಿನಿಂದ ಮೂರು ಗುರುತು ಹಾಕಿಕೊಳ್ಳಿ: ಮರದ ಎಳೆಯ ದಿಕ್ಕು, ಪ್ಲೈವುಡ್ ಬರುವ ಜಾಗ, ವೈರು ಮತ್ತು ಪುಶ್‌ರಾಡ್ (ಸರ್ವೊದ ಚಲನೆ ಒಯ್ಯುವ ಕಡ್ಡಿ) ಹಾದುಹೋಗುವ ದಾರಿ.

ಹಳೆಯ ನಕ್ಷೆಗಳು ಇಂಧನದಿಂದ ಓಡುವ ಗ್ಲೋ ಎಂಜಿನ್ ಕಾಲದವು. ಮೂತಿಯಲ್ಲಿ ಸೈಲೆನ್ಸರ್ ಸಮೇತ ಅರ್ಧ ಕಿಲೊಗಿಂತ ಹೆಚ್ಚು ತೂಗುವ ಎಂಜಿನ್ ಇರುತ್ತದೆಂದು ಎಣಿಸಿ ಬರೆದಿರುತ್ತಾರೆ. ನಮ್ಮ ಬ್ರಶ್‌ಲೆಸ್ ಮೋಟಾರ್ ತೂಗುವುದು 200ರಿಂದ 250 ಗ್ರಾಂ. ಆ ಕೊರತೆ ತುಂಬಲು ಬ್ಯಾಟರಿ ಫೈರ್‌ವಾಲ್‌ಗೆ (ಮೋಟಾರ್ ಕೂರುವ ಮುಂದಿನ ಹಲಗೆಗೆ) ತಾಗುವಷ್ಟು ಮುಂದೆ ಹೋಗಬೇಕು. ಇಂಧನದ ಟ್ಯಾಂಕ್ ಇದ್ದ ಜಾಗವನ್ನು ಬ್ಯಾಟರಿ ತಟ್ಟೆಯಾಗಿಸಿ, ಕಾಕ್‌ಪಿಟ್ ಮುಂದಿನ ಮೇಲ್ಭಾಗವನ್ನು ಆಯಸ್ಕಾಂತದಿಂದ ಹಿಡಿಯುವ ಮುಚ್ಚಳ ಮಾಡಿ. ಈ ಬದಲಾವಣೆ ನಕ್ಷೆಯ ಹಂತದಲ್ಲೇ ಆಗಬೇಕು. ಮೈ ಮುಚ್ಚಿದ ಮೇಲೆ ಕತ್ತರಿಸಿದರೆ ಗಟ್ಟಿತನ ಹೋಗುತ್ತದೆ.

ಮರ, ಅಂಟು, ಮಳೆ

ಬಲ್ಸಾ ನಮ್ಮೂರಿನ ಅಂಗಡಿಯಲ್ಲಿ ಸಿಗುವುದಿಲ್ಲ, ತರಿಸಬೇಕು. ತರಿಸುವಾಗ ಹೆಚ್ಚು ಹಾಳೆ ತರಿಸಿ, ತೂಗಿ ವಿಂಗಡಿಸಿ. 1000×100×3 ಮಿ.ಮೀ. ಹಾಳೆಯೊಂದು 30 ಗ್ರಾಂ ತೂಗಿದರೆ ಅದು ಹಗುರ ಮರ, ಬಾಲಕ್ಕೆ. 40ರಿಂದ 48 ಗ್ರಾಂ ತೂಗುವುದು ರಿಬ್ ಮತ್ತು ಫಾರ್ಮರ್‌ಗಳಿಗೆ. 55 ದಾಟಿದ್ದನ್ನು ಸ್ಪಾರ್ (ರೆಕ್ಕೆಯ ಉದ್ದದ ತೊಲೆ) ಮತ್ತು ಸ್ಟ್ರಿಂಗರ್‌ಗಳಿಗೆ (ಮೈಯ ಉದ್ದುದ್ದ ಪಟ್ಟಿಗಳಿಗೆ) ಸೀಳಿಕೊಳ್ಳಿ. ಎಳೆಯನ್ನೂ ನೋಡಿ. ಹಾಳೆಯ ಮೇಲೆ ಮೀನಿನ ಹುರುಪೆಯಂಥ ಮಚ್ಚೆ ಕಂಡರೆ ಅದು ಅಡ್ಡಕ್ಕೆ ಬಾಗದ ಮರ, ರಿಬ್‌ಗೆ ಅದೇ ಬೇಕು. ಉದ್ದುದ್ದ ಗೆರೆಯ, ಸುಲಭವಾಗಿ ಸುರುಳಿಯಾಗುವ ಹಾಳೆ ಮೈಯ ಮುಂಭಾಗಕ್ಕೆ ಹೊದಿಸಲು ಒಳ್ಳೆಯದು.

ಈಗ ಹವೆಯ ಮಾತು. ಗಾಳಿಯ ತೇವ ಶೇ. 50 ಇದ್ದಾಗ ಮರ ತನ್ನ ಒಣ ತೂಕದ ಸುಮಾರು ಶೇ. 9ರಷ್ಟು ನೀರು ಹಿಡಿದಿರುತ್ತದೆ. ಆಟಿಯ ದಿನಗಳಂತೆ ತೇವ 85-90 ಆದಾಗ ಅದು 18-20ಕ್ಕೆ ಏರುತ್ತದೆ. ಅಂದರೆ ಜುಲೈನಲ್ಲಿ ತೂಗಿದ ಹಾಳೆ ಜನವರಿಯಲ್ಲಿ ಹಗುರಾಗುತ್ತದೆ, ಅದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಎಳೆಯ ಅಡ್ಡಕ್ಕೆ ಅದು ಕುಗ್ಗುವುದರಲ್ಲಿ. ತೇವದಲ್ಲಿ ಹೊದಿಸಿದ ಹಾಳೆ ಒಣ ಹವೆ ಬಂದಾಗ ರಿಬ್‌ಗಳ ನಡುವೆ ಕುಸಿಯುತ್ತದೆ, ಒಂದು ಬದಿ ಹೆಚ್ಚು ಕುಗ್ಗಿದರೆ ರೆಕ್ಕೆ ತಿರುಚುತ್ತದೆ. ಉಪಾಯ ಸರಳ. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಮರವನ್ನು ಮುಚ್ಚಿಡಿ, ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯಿರಿ. ಮನೆಯಲ್ಲಿ ಎಸಿ ಇದ್ದರೆ ಹಾಳೆ ಹೊದಿಸುವ ದಿನ ಅದನ್ನು ಡ್ರೈ ಮೋಡ್‌ನಲ್ಲಿ ಹಾಕಿಕೊಳ್ಳಿ. ಇಲ್ಲದಿದ್ದರೆ ರೆಕ್ಕೆಯ ಹಾಳೆ ಹೊದಿಸುವ ಕೆಲಸವನ್ನು ಮಳೆ ಬಿಡುವ ತನಕ ಮುಂದೂಡಿ. ಕತ್ತರಿಸುವುದು, ಚೌಕಟ್ಟು ಕಟ್ಟುವುದು ಮಳೆಗಾಲದಲ್ಲೇ ನಡೆಯಲಿ.

ಅಂಟುಗಳೂ ಹವೆಗೆ ತಕ್ಕಂತೆ ನಡೆಯುತ್ತವೆ. ಬಿಳಿ ಫೆವಿಕಾಲ್ ನಿಧಾನಕ್ಕೆ ಒಣಗುತ್ತದೆ, ಪಿನ್ನುಗಳನ್ನು ಒಂದು ಇಡೀ ದಿನ ತೆಗೆಯಬೇಡಿ. ಸಿಎ ಅಂಟು (ಸೂಪರ್ ಗ್ಲೂ) ತೇವದಿಂದಲೇ ಗಟ್ಟಿಯಾಗುವಂಥದ್ದು, ಆದ್ದರಿಂದ ಇಲ್ಲಿ ಬೇಗ ಹಿಡಿಯುತ್ತದೆ. ಬಾಟಲಿಯೂ ಅಷ್ಟೇ ಬೇಗ ಕೆಡುತ್ತದೆ. ಬಾಟಲಿಯನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಎಪಾಕ್ಸಿಯ ಮೇಲ್ಮೈಯಲ್ಲಿ ಮಳೆಗಾಲದಲ್ಲಿ ಜಿಡ್ಡಿನ ಪದರವೊಂದು ಏಳುತ್ತದೆ. ಎರಡನೇ ಲೇಪಕ್ಕೆ ಮೊದಲು ಅದನ್ನು ನೀರಿನಲ್ಲಿ ಒರೆಸಿ, ಒಣಗಿಸಿ, ಮರಳುಕಾಗದದಲ್ಲಿ ಉಜ್ಜದಿದ್ದರೆ ಮೇಲಿನ ಲೇಪ ಸಿಪ್ಪೆಯೇಳುತ್ತದೆ.

ಕಟ್ಟುವ ಹಲಗೆಗೆ ಫ್ಲಶ್ ಡೋರ್ ಒಂದು ಸಾಕು. ಅದರ ಮೇಲೆ ಪಿನ್ ಚುಚ್ಚಲು ಸಾಫ್ಟ್‌ಬೋರ್ಡ್, ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಮೂಲೆಯಿಂದ ಮೂಲೆಗೆ ಎರಡು ನೂಲು ಬಿಗಿದು ಹಲಗೆ ಸಪಾಟಾಗಿದೆಯೇ ನೋಡಿ. ಮಳೆಗಾಲದಲ್ಲಿ ಬಾಗಿಲೂ ಉಬ್ಬುತ್ತದೆ, ರೆಕ್ಕೆ ಶುರುಮಾಡುವ ದಿನ ಇನ್ನೊಮ್ಮೆ ನೋಡಿ.

ಬಾಲದಿಂದ ಶುರು

ಬಾಲ ಚಿಕ್ಕದು, ಕೈ ಕುದುರಲು ಒಳ್ಳೆಯದು. ಆದರೆ ವಿಮಾನದ ಭವಿಷ್ಯವನ್ನು ನಿರ್ಧರಿಸುವ ಭಾಗವೂ ಇದೇ. ಹರಿಕೇನ್‌ನ ಮೂತಿ ಗಿಡ್ಡ. ಗುರುತ್ವ ಕೇಂದ್ರದಿಂದ ಬಾಲಕ್ಕಿರುವ ದೂರ ಮೂತಿಗಿರುವ ದೂರಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಮೂತಿಯಲ್ಲಿ ಎರಡೂವರೆಯಿಂದ ಮೂರು ಗ್ರಾಂ ಸೀಸ ಇಡಬೇಕು. 20 ಗ್ರಾಂ ಅಜಾಗ್ರತೆಗೆ ಒಟ್ಟು 70-80 ಗ್ರಾಂ ದಂಡ.

ಆದ್ದರಿಂದ ಘನ ಹಾಳೆಯ ಬದಲು ಪಟ್ಟಿಗಳ ಚೌಕಟ್ಟು ಕಟ್ಟಿ. ಅತಿ ಹಗುರ ಮರ ಆರಿಸಿ, ಮೂಲೆಗಳಿಗೆ ಪುಟ್ಟ ತ್ರಿಕೋನ ಇಡಿ. ಎರಡು ಎಲಿವೇಟರ್‌ಗಳನ್ನು (ಮೂತಿ ಏರಿಸಿ ಇಳಿಸುವ ಬಾಲದ ಚಲಿಸುವ ಭಾಗಗಳನ್ನು) ಸೇರಿಸುವ ತಂತಿಯ ಜಾಗದಲ್ಲಿ ಮಾತ್ರ ಗಟ್ಟಿ ಮರ ಸಾಕು. ಅಸಲಿ ವಿಮಾನದಲ್ಲೂ ಇವು ಬಟ್ಟೆ ಹೊದಿಸಿದ ಭಾಗಗಳೇ, ಹಾಗಾಗಿ ರಿಬ್‌ಗಳು ಹೊದಿಕೆಯಡಿ ಮೂಡಿ ಕಂಡರೆ ಅಂದ ಹೆಚ್ಚುತ್ತದೆ. ಸರ್ವೊಗಳನ್ನು ಬಾಲದಲ್ಲಿಡುವ ಆಸೆ ಬೇಡ. ಮೈಯೊಳಗೆ ರೆಕ್ಕೆಗೆ ಮೇಲಿನ ಜಾಗದಲ್ಲಿಟ್ಟು ಕಾರ್ಬನ್ ಕೊಳವೆಯ ಪುಶ್‌ರಾಡ್ ಹಿಂದಕ್ಕೆ ಒಯ್ಯಿರಿ.

ಮೈ

ಮೈಯನ್ನು ಎರಡು ಅರ್ಧಗಳಾಗಿ ಕಟ್ಟುವುದು ನೇರವಾಗಿ ಬರುತ್ತದೆ. ಪಕ್ಕನೋಟದ ನಕ್ಷೆಯ ಮೇಲೆ ಮೇಲಿನ ಮತ್ತು ಕೆಳಗಿನ ಕೀಲ್ ಪಟ್ಟಿಗಳನ್ನು ಪಿನ್ ಮಾಡಿ, ಅರ್ಧ ಫಾರ್ಮರ್‌ಗಳನ್ನು ಮೂಲೆಮಟ್ಟ ಹಿಡಿದು ಲಂಬವಾಗಿ ನಿಲ್ಲಿಸಿ, ಬದಿಯ ಮುಖ್ಯ ಸ್ಟ್ರಿಂಗರ್ ಕೂರಿಸಿ. ಒಣಗಿದ ಮೇಲೆ ಎತ್ತಿ ತಿರುಗಿಸಿ ಇನ್ನೊಂದು ಅರ್ಧದ ಫಾರ್ಮರ್‌ಗಳನ್ನು ಸೇರಿಸಿ. ಸ್ಟ್ರಿಂಗರ್‌ಗಳನ್ನು ಎಡಕ್ಕೊಂದು ಬಲಕ್ಕೊಂದರಂತೆ ಜೋಡಿಯಾಗಿ ಹಾಕುತ್ತಾ ಹೋಗಿ. ಒಂದೇ ಬದಿಗೆ ನಾಲ್ಕು ಹಾಕಿಬಿಟ್ಟರೆ ಮೈ ಆ ಕಡೆಗೆ ಬಾಳೆಕಾಯಿಯಂತೆ ಬಾಗುತ್ತದೆ, ಮತ್ತೆ ನೇರವಾಗುವುದಿಲ್ಲ.

ಸ್ಟ್ರಿಂಗರ್‌ಗಳ ನಡುವೆ ಫಾರ್ಮರ್‌ನ ಅಂಚನ್ನು ಒಂದು ಮಿಲಿಮೀಟರ್ ಒಳಕ್ಕೆ ಕೊರೆಯಿರಿ. ಹೊದಿಕೆ ಸ್ಟ್ರಿಂಗರ್‌ಗೆ ಮಾತ್ರ ತಾಗಬೇಕು, ಫಾರ್ಮರ್‌ಗೆ ತಾಗಿದರೆ ಅಡ್ಡಗೆರೆ ಮೂಡಿ ಹರಿಕೇನ್‌ನ ಬೆನ್ನಿನ ಸೊಗಸು ಕೆಡುತ್ತದೆ. ಈ ಒಂದು ಕೆಲಸಕ್ಕೆ ಹಿಡಿಯುವ ಸಂಜೆ ವ್ಯರ್ಥವಾಗುವುದಿಲ್ಲ.

ಫೈರ್‌ವಾಲ್ 6 ಮಿ.ಮೀ. ಬರ್ಚ್ ಪ್ಲೈ. ಮೂವತ್ತು ನಿಮಿಷದ ಎಪಾಕ್ಸಿಯಲ್ಲಿ ಕೂರಿಸಿ, ಬದಿಗಳಿಂದ ತೂತು ಕೊರೆದು ಬಿದಿರಿನ ಕಡ್ಡಿಗಳನ್ನು ಆಣಿಯಂತೆ ಹೊಡೆಯಿರಿ. ಮೋಟಾರ್ ಎರಡು ಡಿಗ್ರಿ ಕೆಳಕ್ಕೆ, ಎರಡು ಡಿಗ್ರಿ ಬಲಕ್ಕೆ ಮುಖ ಮಾಡಿರಲಿ. ನಕ್ಷೆ ಬೇರೆ ಹೇಳಿದರೆ ನಕ್ಷೆಯ ಮಾತು ಕೇಳಿ. ಮುಂಭಾಗಕ್ಕೆ 2 ಮಿ.ಮೀ. ಹಾಳೆಯ ಹೊರಮುಖವನ್ನಷ್ಟೇ ಬಿಸಿನೀರಲ್ಲಿ ಒದ್ದೆ ಮಾಡಿ ಬಾಗಿಸಿ, ಕಟ್ಟಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ.

ಹೊಟ್ಟೆಯಡಿಯ ರೇಡಿಯೇಟರ್ ಹರಿಕೇನ್‌ನ ಗುರುತು. ಅದನ್ನು ಬರೀ ಅಲಂಕಾರ ಮಾಡಬೇಡಿ. ಬಾಯಿ ತೆರೆದಿಟ್ಟರೆ ಇಎಸ್‌ಸಿ ಮತ್ತು ಬ್ಯಾಟರಿಗೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ಗಾಳಿ ಹೊರಹೋಗುವ ತೂತು ಒಳಬರುವುದಕ್ಕಿಂತ ದೊಡ್ಡದಿರಬೇಕು. ಏಪ್ರಿಲ್‌ನ ನಮ್ಮ ಸೆಕೆಯಲ್ಲಿ ಇದು ಅಗತ್ಯ.

ರೆಕ್ಕೆ

ಇಲ್ಲಿ ಅವಸರ ಸಲ್ಲದು. ಹರಿಕೇನ್‌ನ ರೆಕ್ಕೆ ಮೂರು ತುಂಡು: ನಡುವಿನ ಭಾಗ ಸಪಾಟು, ಹೊರಗಿನ ಎರಡು ಭಾಗಗಳು ಮೇಲ್ಮುಖವಾಗಿ ಏರಿರುತ್ತವೆ. ನಡುವಿನದನ್ನು ಮೊದಲು ಕಟ್ಟಿ, ಆಮೇಲೆ ಹೊರ ರೆಕ್ಕೆಗಳನ್ನು ಜೋಡಿಸುವ ಪ್ಲೈ ಪಟ್ಟಿ ಅಥವಾ ಕಾರ್ಬನ್ ಕೊಳವೆಯ ಕೋನವನ್ನು ನಕ್ಷೆಯಲ್ಲಿ ಎದುರಿನಿಂದ ಕಾಣುವ ಚಿತ್ರಕ್ಕೆ ತಾಳೆ ನೋಡಿ.

ರಿಬ್‌ಗಳು ಒಂದಕ್ಕಿಂತ ಒಂದು ಚಿಕ್ಕವು. ಕತ್ತರಿಸಲೆಂದು ಇಟ್ಟ ಪ್ರತಿಯಿಂದ ಅವುಗಳ ಚಿತ್ರ ಕತ್ತರಿಸಿ ಗ್ಲೂ ಸ್ಟಿಕ್‌ನಲ್ಲಿ ಬಲ್ಸಾಕ್ಕೆ ಅಂಟಿಸಿ, ಎಡ-ಬಲ ಜೋಡಿಗಳನ್ನು ಒಟ್ಟಿಗೆ ಪಿನ್ ಮಾಡಿ ಕತ್ತರಿಸಿ ಉಜ್ಜಿ. ಸ್ಪಾರ್‌ನ ಕಚ್ಚುಗಳನ್ನು ಸ್ಪಾರ್ ತುಂಡನ್ನೇ ಇಟ್ಟು ನೋಡಿ ಕೊರೆಯಿರಿ. ಸಡಿಲವಿದ್ದರೆ ಅಂಟಿನ ತೂಕ, ಬಿಗಿಯಿದ್ದರೆ ರಿಬ್ ಸೀಳು.

ಮೇಲಿನ ಮತ್ತು ಕೆಳಗಿನ ಸ್ಪಾರ್‌ಗಳ ನಡುವೆ ಮುಚ್ಚುವ ಬಲ್ಸಾ ತುಂಡುಗಳ ಎಳೆ ನಿಂತಿರಬೇಕು, ಅಂದರೆ ಮೇಲಿಂದ ಕೆಳಕ್ಕೆ. ರೆಕ್ಕೆಯ ಬಲದ ಬಹುಪಾಲು ಈ ಜೋಡಣೆಯಿಂದ ಬರುತ್ತದೆ. ಎಳೆ ಅಡ್ಡವಾಗಿಟ್ಟರೆ ಲೂಪ್‌ನ ತಳದಲ್ಲಿ ಸ್ಪಾರ್ ಬಾಗಿ ಮುರಿಯುತ್ತದೆ.

ಇನ್ನು ವಾಶ್‌ಔಟ್. ರೆಕ್ಕೆಯ ತುದಿ ಬುಡಕ್ಕಿಂತ ಎರಡು ಡಿಗ್ರಿ ಕಡಿಮೆ ಕೋನದಲ್ಲಿ ಕೂತಿರಬೇಕು, ಆಗ ನಿಧಾನಗತಿಯಲ್ಲಿ ಬುಡ ಮೊದಲು ಸ್ಟಾಲ್ ಆಗಿ, ತುದಿಯ ಏಲರಾನ್‌ಗಳು (ವಿಮಾನವನ್ನು ಪಕ್ಕಕ್ಕೆ ವಾಲಿಸುವ ಭಾಗಗಳು) ಇನ್ನೂ ಕೆಲಸ ಮಾಡುತ್ತಿರುತ್ತವೆ. ತುದಿಯ ಅಗಲ 150 ಮಿ.ಮೀ. ಇದ್ದರೆ ಅಲ್ಲಿ ಹಿಂದಿನ ಅಂಚನ್ನು 5 ಮಿ.ಮೀ. ಎತ್ತಿ ಆಧಾರ ಕೊಟ್ಟರೆ ಎರಡು ಡಿಗ್ರಿ ಆಯಿತು. ಬುಡದ ಕಡೆಗೆ ಆಧಾರ ಕ್ರಮೇಣ ಸೊನ್ನೆಗಿಳಿಯಲಿ. ನಕ್ಷೆ ವಾಶ್‌ಔಟ್ ತೋರಿಸದಿದ್ದರೂ ಹಾಕಿ. ನೆನಪಿಡಿ, ಮುಂಭಾಗಕ್ಕೆ ಹಾಳೆ ಹೊದಿಸುವವರೆಗೆ ರೆಕ್ಕೆ ಮೆತ್ತಗಿರುತ್ತದೆ; ಹಾಳೆ ಅಂಟಿದ ಕ್ಷಣದಿಂದ ಆ ತಿರುಚು ಶಾಶ್ವತ. ಹಾಗಾಗಿ ಮೇಲಿನ ಹಾಳೆ ಅಂಟಿಸಿ ಒಣಗುವ ತನಕ ಹಲಗೆಯಿಂದ ಎತ್ತಬೇಡಿ, ಮತ್ತು ಒಣ ದಿನದಲ್ಲೇ ಹೊದಿಸಿ. ಎತ್ತಿದ ಮೇಲೆ ಹಿಂದಿನಿಂದ ನೋಡಿದಾಗ ಎಡ-ಬಲ ತುದಿಗಳು ಒಂದೇ ರೀತಿ ಕಾಣಬೇಕು. ಕೋನಮಾಪಕದಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದುವರಿಯದೆ ಸರಿಪಡಿಸಿ.

ಏಲರಾನ್ ಸರ್ವೊಗಳು ರೆಕ್ಕೆಯೊಳಗೆ, ಒಂದಕ್ಕೊಂದರಂತೆ. ವೈರು ಎಳೆಯಲು ಕಾಗದದ ಕೊಳವೆಯನ್ನು ರಿಬ್‌ಗಳಲ್ಲಿ ಮೊದಲೇ ಕೂರಿಸಿ. ಫ್ಲ್ಯಾಪ್ (ಇಳಿಯುವಾಗ ಕೆಳಕ್ಕೆ ಬಾಗುವ ರೆಕ್ಕೆಯ ಹಿಂಭಾಗ) ಬೇಕೇ ಎಂಬುದು ನಿಮ್ಮ ಗದ್ದೆಯ ಉದ್ದ ನೋಡಿ ನಿರ್ಧರಿಸಿ. ನಾನಾದರೆ ಹಾಕುತ್ತೇನೆ, ಕಾರಣ ಮುಂದೆ ಬರುತ್ತದೆ.

ಚಕ್ರ

ಮಡಚುವ ಎಲೆಕ್ಟ್ರಿಕ್ ರಿಟ್ರಾಕ್ಟ್ ಹಾಕುವುದಾದರೆ 3 ಕಿಲೊವರೆಗಿನ ವಿಮಾನಕ್ಕೆಂದು ಮಾಡಿದ್ದನ್ನು ಕೊಳ್ಳಿ. ಅದು ಕೂರುವ ಪ್ಲೈ ಪಟ್ಟಿ ಕನಿಷ್ಠ ಎರಡು ರಿಬ್‌ಗಳಿಗೆ ಕಚ್ಚಿರಬೇಕು, ಆ ರಿಬ್‌ಗಳಿಗೆ ಪಕ್ಕದಲ್ಲಿ ತೆಳು ಪ್ಲೈ ಅಂಟಿಸಿ. ವಿಮಾನ ಸಮತಲವಾಗಿದ್ದಾಗ ಚಕ್ರದ ಅಚ್ಚು ಗುರುತ್ವ ಕೇಂದ್ರಕ್ಕಿಂತ 15ರಿಂದ 20 ಡಿಗ್ರಿ ಮುಂದಿರಲಿ. ಕಡಿಮೆಯಾದರೆ ಮೂತಿ ಮಣ್ಣು ತಿನ್ನುತ್ತದೆ, ಹೆಚ್ಚಾದರೆ ಪುಟಿಯುತ್ತದೆ. ಗದ್ದೆಯಲ್ಲಿ ಹಾರಿಸುವವರಿಗೆ ಚಕ್ರ ಅಸಲಿ ಅಳತೆಗಿಂತ ಸ್ವಲ್ಪ ದೊಡ್ಡದಿದ್ದರೂ ನಾನು ತಪ್ಪೆನ್ನುವುದಿಲ್ಲ.

ಮೋಟಾರ್, ಬ್ಯಾಟರಿ

ಕಿಲೊಗೆ 280 ವಾಟ್ ಲೆಕ್ಕದಲ್ಲಿ 2.5 ಕಿಲೊಗೆ 700 ವಾಟ್ ಸಾಕು. ನಾಲ್ಕು ಸೆಲ್‌ನ ಲೈಪೊ ಬ್ಯಾಟರಿ ಹೊರೆ ಬಿದ್ದಾಗ 14 ವೋಲ್ಟ್ ಕೊಡುತ್ತದೆಂದರೆ 50 ಆಂಪಿಯರ್ ಆಯಿತು. 500-600 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಅಷ್ಟು ಸುತ್ತು) ಮೋಟಾರ್, 70 ಆಂಪಿಯರ್ ಇಎಸ್‌ಸಿ, ಸುಮಾರು 13×8 ಅಳತೆಯ (13 ಇಂಚು ವ್ಯಾಸ, ಒಂದು ಸುತ್ತಿಗೆ 8 ಇಂಚು ಮುನ್ನಡೆ) ಮೂರು ಅಲಗಿನ ಪ್ರೊಪೆಲ್ಲರ್, 3,300ರಿಂದ 4,000 ಎಂಎಎಚ್ ಬ್ಯಾಟರಿ. ಜೋಡಿಸಿದ ಮೇಲೆ ವಾಟ್‌ಮೀಟರ್ ಇಟ್ಟು ಪೂರ್ತಿ ಥ್ರಾಟಲ್‌ನಲ್ಲಿ ಆಂಪಿಯರ್ ನೋಡಿಯೇ ಮುಂದುವರಿಯಿರಿ. ಮೇಜಿನ ಮೇಲೆ ರೇಡಿಯೊ ಹೊಂದಿಸುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಮನೆಯಲ್ಲಿ ಮಕ್ಕಳಿದ್ದರಂತೂ ಇದರಲ್ಲಿ ರಿಯಾಯಿತಿ ಇಲ್ಲ. ಸಿಗ್ನಲ್ ತಪ್ಪಿದರೆ ಥ್ರಾಟಲ್ ಸೊನ್ನೆಗೆ ಬರುವಂತೆ ಫೇಲ್‌ಸೇಫ್ ಇಡಿ.

ಹೊದಿಕೆ ಮತ್ತು ಬಣ್ಣ: ನವರಾತ್ರಿಯ ನಂತರ

ಮೈಯ ಹಿಂಭಾಗ ಮತ್ತು ಬಾಲಕ್ಕೆ ಇಸ್ತ್ರಿಯಲ್ಲಿ ಅಂಟುವ ಬಟ್ಟೆ. ಹಾಳೆ ಹೊದಿಸಿದ ರೆಕ್ಕೆ ಮತ್ತು ಮುಂಭಾಗಕ್ಕೆ ಚದರ ಮೀಟರಿಗೆ 25 ಗ್ರಾಂ ತೂಗುವ ಫೈಬರ್‌ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ. ಮಲ್ಪೆ, ಮಂಗಳೂರಿನ ಬಂದರಿನಲ್ಲಿ ದೋಣಿಗೆ ಬಳಿಯುವ ಫೈಬರ್ ಸಾಮಾನು ಧಾರಾಳವಾಗಿ ಸಿಗುತ್ತದೆ, ಆದರೆ ಆ ದಪ್ಪ ಮ್ಯಾಟ್ ಇದರ ಹತ್ತು ಪಟ್ಟಿಗಿಂತಲೂ ಭಾರ. ಅಲ್ಲಿಯ ಪಾಲಿಯೆಸ್ಟರ್ ರಾಳ ಥರ್ಮೊಕೋಲನ್ನು ಕರಗಿಸುತ್ತದೆ, ಆದ್ದರಿಂದ ಥರ್ಮೊಕೋಲ್ ಇರುವ ಕಡೆ ಅದನ್ನು ಮುಟ್ಟಿಸಲೇಬೇಡಿ. ಎಪಾಕ್ಸಿ ಬಳಿದ ಮೇಲೆ ಹಳೆಯ ಎಟಿಎಂ ಕಾರ್ಡಿನಿಂದ ಹೆಚ್ಚಾದದ್ದನ್ನೆಲ್ಲ ಎಳೆದು ತೆಗೆಯಿರಿ. ಬಟ್ಟೆಯ ನೇಯ್ಗೆ ಕಾಣುತ್ತಿದ್ದರೆ ಸರಿ, ಹೊಳೆಯುತ್ತಿದ್ದರೆ ಇನ್ನೂ ರಾಳ ಉಳಿದಿದೆ.

ಬಣ್ಣಕ್ಕೆ ಮೊದಲು ಒಂದು ಫೋಟೊ ಆರಿಸಿ, ಆ ಒಂದು ವಿಮಾನವನ್ನಷ್ಟೇ ಅನುಸರಿಸಿ. ಹಲವು ಫೋಟೊಗಳಿಂದ ಒಂದೊಂದು ಗುರುತು ತೆಗೆದು ಸೇರಿಸಿದರೆ ಎಂದೂ ಇರದಿದ್ದ ವಿಮಾನವೊಂದು ಹುಟ್ಟುತ್ತದೆ. ಬರ್ಮಾ ರಂಗದ ಹರಿಕೇನ್‌ಗಳ ಮೇಲೆ ಕಡುಹಸಿರು ಮತ್ತು ಮಣ್ಣಿನ ಕಂದು, ಕೆಳಗೆ ಬೂದು. ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿಯಬಾರದೆಂದು ಅಲ್ಲಿಯ ರೌಂಡೆಲ್‌ಗಳಿಂದ (ವಾಯುಪಡೆಯ ದುಂಡು ಗುರುತುಗಳಿಂದ) ಕೆಂಪನ್ನೇ ತೆಗೆದು ಕಡುನೀಲಿ, ತಿಳಿನೀಲಿ ಮಾತ್ರ ಉಳಿಸಿದ್ದರು. ನೀರಿನಲ್ಲಿ ಕರಗುವ, ಹೊಳಪಿಲ್ಲದ ಅಕ್ರಿಲಿಕ್ ಬಣ್ಣ ತೆಳುವಾಗಿ ಸ್ಪ್ರೇ ಮಾಡಿ, ಪ್ರತಿ ಲೇಪದ ನಂತರ ತೂಗಿ. ಸ್ಟಿಕರ್ ಬದಲು ಸ್ಟೆನ್ಸಿಲ್ ಕತ್ತರಿಸಿ ಗುರುತು ಬಳಿಯುವುದೇ ನನಗಿಷ್ಟ, ಹತ್ತಿರದಿಂದ ನೋಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ತೂಗಿ ನಿಲ್ಲಿಸುವುದು

ರೆಕ್ಕೆಯ ಸರಾಸರಿ ಅಗಲ ಸುಮಾರು 245 ಮಿ.ಮೀ. ಮೊದಲ ಹಾರಾಟಕ್ಕೆ ಗುರುತ್ವ ಕೇಂದ್ರ ಅದರ ಶೇ. 25ರಲ್ಲಿರಲಿ, ಅಂದರೆ ಆ ಸರಾಸರಿ ಅಗಲದ ಮುಂದಿನ ಅಂಚಿನಿಂದ 61 ಮಿ.ಮೀ. ಹಿಂದೆ. ರೆಕ್ಕೆ ಕೆಳಗಿರುವ ವಿಮಾನವಾದ್ದರಿಂದ ತಲೆಕೆಳಗಾಗಿ ಹಿಡಿದು ನೋಡಿ. ಬ್ಯಾಟರಿ ಒಳಗಿರಲಿ. ಚಕ್ರ ಮಡಚುವಾಗ ಸ್ವಲ್ಪ ಹಿಂದಕ್ಕೂ ಹೋಗುವುದರಿಂದ ಮಡಚಿಟ್ಟೇ ನೋಡಿ. ಸೀಸ ಬೇಕಾದರೆ ಬಲೆಗೆ ಕಟ್ಟುವ ಸೀಸದ ಗುಂಡುಗಳು ಮಲ್ಪೆಯಲ್ಲಿ ಸಿಗುತ್ತವೆ; ಎಪಾಕ್ಸಿಯಲ್ಲಿ ನೆನೆಸಿ ಮೂತಿಯ ತಳದಲ್ಲಿ ಅಲುಗಾಡದಂತೆ ಕೂರಿಸಿ. ಎಡ-ಬಲ ತೂಕವನ್ನೂ ನೋಡಿ, ಹಗುರಾದ ರೆಕ್ಕೆತುದಿಗೆ ಒಂದು ಸ್ಕ್ರೂ ಸೇರಿಸಿದರೆ ಹೆಚ್ಚಾಗಿ ಸಾಕಾಗುತ್ತದೆ.

ಚಲನೆಗಳು ಶುರುವಿಗೆ: ಎಲಿವೇಟರ್ ಮೇಲೆ-ಕೆಳಗೆ 12 ಮಿ.ಮೀ., ಏಲರಾನ್ ಮೇಲಕ್ಕೆ 14, ಕೆಳಕ್ಕೆ 8, ರಡ್ಡರ್ (ಬಾಲದ ನಿಂತ ಚುಕ್ಕಾಣಿ) ಎರಡೂ ಕಡೆ 25. ಎಕ್ಸ್‌ಪೊ (ರೇಡಿಯೊದ ಕಡ್ಡಿ ನಡುವಿರುವಾಗ ಚಲನೆಯನ್ನು ಮೆದುಗೊಳಿಸುವ ಹೊಂದಿಕೆ) ಶೇ. 30.

ಎಲ್ಲಿ, ಯಾವಾಗ ಹಾರಿಸುವುದು

2021ರ ಡ್ರೋನ್ ನಿಯಮಗಳಡಿ ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸುವ, 25 ಕಿಲೊ ಮೀರದ ಮಾದರಿಗಳಿಗೆ ಪ್ರತ್ಯೇಕ ವರ್ಗವಿದೆ. ಹಸಿರು ವಲಯದಲ್ಲಿ (ಮುಂಗಡ ಅನುಮತಿ ಬೇಡದ ಪ್ರದೇಶದಲ್ಲಿ) 400 ಅಡಿಯವರೆಗೆ ಅವಕಾಶ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ ಆ ಮಿತಿ 200 ಅಡಿಗಿಳಿಯುತ್ತದೆ, 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಜಪೆ, ಕೆಂಜಾರು, ಕಾವೂರಿನವರು ಆದ್ದರಿಂದ ದೂರ ಹೋಗಲೇಬೇಕು. ಪಣಂಬೂರು ಕಡಲತೀರ ಗಾಳಿಪಟ ಉತ್ಸವಕ್ಕೆ ಹೆಸರಾದರೂ ಪಕ್ಕದಲ್ಲೇ ಬಂದರು ಇದೆ, ಅಲ್ಲಿ ಬೇಡ. ಹೊರಡುವ ಮೊದಲು ಸರಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಜಾಗದ ವಲಯವನ್ನೂ ನೋಂದಣಿಯ ಈಗಿನ ನಿಯಮವನ್ನೂ ನೋಡಿ.

ಏಣೆಲು (ಮಳೆಗಾಲದ ಬೆಳೆ) ಕೊಯ್ಲು ಮುಗಿದ ಬೆಟ್ಟುಗದ್ದೆ (ಎತ್ತರದ ಗದ್ದೆ) ನಮಗೆ ಸಿಗುವ ಒಳ್ಳೆಯ ರನ್‌ವೇ. ತಗ್ಗಿನ ಬೈಲಿನಲ್ಲಿ ಎರಡನೇ ಬೆಳೆ ಬರುತ್ತದೆ, ಬೆಟ್ಟುಗದ್ದೆ ಖಾಲಿ ಉಳಿಯುತ್ತದೆ. ಗದ್ದೆಯ ಯಜಮಾನರನ್ನು ಕೇಳಿ, ಕೂಳೆ ಸವರಿ, ಅಂಚುಕಟ್ಟೆಗಳ ನಡುವೆ ಗಾಳಿಯ ದಿಕ್ಕಿಗೆ ಉದ್ದ ಸಿಗುವುದನ್ನು ಆರಿಸಿ. ದೊಡ್ಡ ಅಡ್ಡಿ ತೆಂಗಿನ ಮರಗಳು. 20 ಮೀಟರ್ ಎತ್ತರದ ತೆಂಗಿನ ಮೇಲಿಂದ ಎಂಟು ಡಿಗ್ರಿಯಲ್ಲಿ ಇಳಿದರೆ ನೆಲ ಮುಟ್ಟುವಷ್ಟರಲ್ಲಿ 140 ಮೀಟರ್ ಕಳೆದಿರುತ್ತದೆ. ಫ್ಲ್ಯಾಪ್ ಇದ್ದರೆ ಇನ್ನೂ ಕಡಿದಾಗಿ ಇಳಿಯಬಹುದು. ಹಾಕಿ ಎಂದದ್ದು ಇದಕ್ಕೇ. ಮೀನು ಇಳಿಸುವ ಜಾಗಗಳ ಸಮೀಪ ಗರುಡ, ಹದ್ದುಗಳು ವಿಮಾನದ ಮೇಲೆ ಎರಗುತ್ತವೆ, ಅಲ್ಲಿಂದ ದೂರವಿರಿ.

ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ಗಾಳಿ ಮೆಲ್ಲಗೆ ನೆಲದ ಕಡೆಯಿಂದ ಬೀಸುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಎದ್ದು ದಿಕ್ಕೇ ತಿರುಗುತ್ತದೆ. ಮೊದಲ ಹಾರಾಟಕ್ಕೆ ಬೆಳಗಿನ ಹೊತ್ತೇ ಸರಿ.

ಮೊದಲ ಹಾರಾಟ

ರೇಡಿಯೊ ರೇಂಜ್ ಪರೀಕ್ಷೆ, ಪ್ರತಿ ಸ್ಕ್ರೂ, ಪ್ರತಿ ಹಿಂಜ್, ಏಲರಾನ್ ಚಲಿಸುವ ದಿಕ್ಕು. ಜೊತೆಯವರೊಬ್ಬರು ಪಟ್ಟಿ ಓದಲಿ, ನೀವು ಮುಟ್ಟಿ ನೋಡಿ. ನೆಲದ ಮೇಲೆ ಆಚೀಚೆ ಓಡಿಸಿ ನೇರ ಹೋಗುತ್ತದೆಯೇ ನೋಡಿ. ಹೊರಡುವಾಗ ಎಲಿವೇಟರ್ ಸ್ವಲ್ಪ ಹಿಂದಕ್ಕೆ ಹಿಡಿದು ಥ್ರಾಟಲ್ ನಿಧಾನವಾಗಿ ಏರಿಸಿ. ವಿಮಾನ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಸಿದ್ಧವಿರಲಿ. ವೇಗ ಬಂದಂತೆ ಎಲಿವೇಟರ್ ಸಡಿಲಿಸಿ, ಬಾಲ ತಾನಾಗಿ ಎದ್ದ ಮೇಲೂ ಸ್ವಲ್ಪ ಓಡಲು ಬಿಡಿ. ನೆಲ ಬಿಟ್ಟ ಮೇಲೆ ಕಡಿದಾಗಿ ಏರಿಸಬೇಡಿ. ಅಸಲಿ ವಿಮಾನ ಏರುವಂತೆ ಚಪ್ಪಟೆಯಾಗಿ ಏರುವುದು ಸುರಕ್ಷಿತವೂ ಹೌದು, ನೋಡಲೂ ಚೆಂದ.

ಎತ್ತರದಲ್ಲಿ ಟ್ರಿಮ್ ಮಾಡಿ (ಕೈಬಿಟ್ಟರೂ ನೇರ ಹಾರುವಂತೆ ಹೊಂದಿಸಿ), ಥ್ರಾಟಲ್ ಇಳಿಸಿ ಸ್ಟಾಲ್ ಹೇಗೆ ಬರುತ್ತದೆಂದು ನೋಡಿ. ಮೂತಿ ನೇರ ಬಗ್ಗಿದರೆ ರೆಕ್ಕೆ ಸರಿಯಾಗಿದೆ. ಒಂದು ಬದಿ ಬಿದ್ದರೆ ಆ ಬದಿಯ ವಾಶ್‌ಔಟ್ ಮತ್ತು ತೂಕ ಮನೆಗೆ ಹೋಗಿ ನೋಡಬೇಕು, ಅವತ್ತು ಸ್ವಲ್ಪ ಹೆಚ್ಚು ವೇಗ ಇಟ್ಟುಕೊಂಡೇ ಇಳಿಸಿ. ಇಳಿಯುವಾಗ ಸ್ವಲ್ಪ ಥ್ರಾಟಲ್ ಉಳಿಸಿಕೊಂಡೇ ಬನ್ನಿ, ಮುಂದಿನ ಚಕ್ರಗಳು ಮೊದಲು ತಾಗಲಿ. ಮೊದಲ ಹಾರಾಟ ನಾಲ್ಕು ನಿಮಿಷ ದಾಟದಿರಲಿ. ಇಳಿದ ಮೇಲೆ ಮೋಟಾರ್, ಇಎಸ್‌ಸಿ, ಬ್ಯಾಟರಿ ಮುಟ್ಟಿ ನೋಡಿ. ಕೈಯಿಡಲಾಗದಷ್ಟು ಬಿಸಿಯಿದ್ದರೆ ಒಂದಂಗುಲ ಚಿಕ್ಕ ಪ್ರೊಪೆಲ್ಲರ್ ಹಾಕಿ.

ಉಪ್ಪುಗಾಳಿ ಮತ್ತು ಮುಂದಿನ ಮಳೆ

ಕಡಲ ಹತ್ತಿರ ಹಾರಿಸಿದ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಮೋಟಾರ್ ಬೇರಿಂಗ್‌ಗೆ ಒಂದು ಹನಿ ಎಣ್ಣೆ ಬಿಡಿ. ವೈರಿನ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಬದಲಿಸಿ, ಉಜ್ಜಿ ಬಳಸಬೇಡಿ. ಪುಶ್‌ರಾಡ್‌ನ ತುದಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯೇ ಇರಲಿ. ಪತ್ತನಾಜೆ ಬಂದಾಗ ಬ್ಯಾಟರಿಯನ್ನು ಸೆಲ್‌ಗೆ 3.8 ವೋಲ್ಟ್‌ಗೆ ತಂದು ಲೋಹದ ಡಬ್ಬಿಯಲ್ಲಿಡಿ. ರೆಕ್ಕೆ ಬಿಚ್ಚಿ ಬಟ್ಟೆಯ ಚೀಲದಲ್ಲಿ ಹಾಕಿ, ಒಳಗೋಡೆಗೆ ತೂಗುಹಾಕಿ. ಪಡುವಣ ಗೋಡೆ ಮಳೆಯಲ್ಲಿ ತೇವ ಹಿಡಿಯುತ್ತದೆ, ಅಲ್ಲಿ ಬೇಡ. ಅಕ್ಟೋಬರಿನಲ್ಲಿ ಮತ್ತೆ ಜೋಡಿಸುವ ಮುನ್ನ ವಾಶ್‌ಔಟ್ ಇನ್ನೊಮ್ಮೆ ಅಳೆದು, ಮಳೆಗೆ ಮುಂಚೆ ಬರೆದಿಟ್ಟ ಸಂಖ್ಯೆಗೆ ತಾಳೆ ನೋಡಿ, ಗುರುತ್ವ ಕೇಂದ್ರವನ್ನೂ ಹೊಸದಾಗಿ ನೋಡಿ.